ಸೂತಕದ ದಿನಗಳ ಕುಂಕುಮ

ನಮ್ಮ ಮನೆಯ ಕೆಳಗೊಂದು ಶೆಡ್ಡಿದೆ. ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ವಿಳಾಸ ಕೇಳಿದರೆ ಶೆಡ್ಡನ್ನೇ ತೋರಿಸುತ್ತಾರೆ, ಮೇಲಿನ ಮನೆ ಯಾರ ಲೆಕ್ಕಕ್ಕೂ ಇಲ್ಲ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ನನಗೂ ಅದು ಅರ್ಥವಾಯಿತು. ಬೆಳಿಗ್ಗೆ ಕೆಳಗೆ ಸ್ವಿಚ್ ಹಾಕಿದರೆ ಮೇಲೆ ನನ್ನ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ಕಿಣಿಕಿಣಿ ಎನ್ನಲು ಶುರು ಮಾಡುತ್ತಿದ್ದವು. ಸಂಜೆ ಸ್ವಿಚ್ ತೆಗೆದ ಮೇಲೇ ಅವು ಸುಮ್ಮನಾಗುತ್ತಿದ್ದುದು. ಹೊಸ ಸೊಸೆಗೆ ಅತ್ತೆಯ ಕಾಟವಿರುತ್ತದೆ ಎಂದು ಗೆಳತಿಯರು ಹೆದರಿಸಿದ್ದರು. ಯಂತ್ರದ ಕಾಟದ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಶೆಡ್ಡಿನಲ್ಲಿ ನಾವು ಮಾಡುವುದು ಸ್ವಿಚ್ ಬೋರ್ಡುಗಳಿಗೆ ಹಾಕುವ ಸಣ್ಣ ಸ್ಕ್ರೂ. ತಂತಿಯನ್ನು ತುಂಡು ಮಾಡಿ ಒಂದು ತುದಿಗೆ ತಲೆ ಕುಟ್ಟುವುದು ಒಂದು ಮೆಷಿನ್, ಅದಕ್ಕೆ ಥ್ರೆಡ್, ಅಂದರೆ ಸುತ್ತು ಗೆರೆ, ಹಾಕುವುದು ಇನ್ನೊಂದು. ಈ ಎರಡನೆಯ ಮೆಷಿನ್ನಿಗೆ ಸ್ಕ್ರೂಗಳನ್ನು ಸಾಲಾಗಿ, ಒಂದರ ಹಿಂದೊಂದು ನಿಲ್ಲಿಸಿ ಕಳಿಸಿಕೊಡುವುದು ಬೌಲು. ಮದುವೆ ಮನೆಯ ಪರಾತದಷ್ಟು ಅಗಲದ ಸ್ಟೀಲ್ ಪಾತ್ರೆ ಅದು. ಒಳಗೋಡೆಯಲ್ಲಿ ಸುತ್ತಿಕೊಂಡು ಮೇಲೆ ಹತ್ತುವ ಸಣ್ಣದೊಂದು ದಾರಿ. ಪಾತ್ರೆಯ ಕೆಳಗೆ ನಾಲ್ಕು ಕಡೆ ಉಕ್ಕಿನ ಪಟ್ಟಿಗಳ ಕಟ್ಟುಗಳು ಓರೆಯಾಗಿ ನಿಂತಿವೆ, ನಡುವೆ ಒಂದು ಮ್ಯಾಗ್ನೆಟ್. ಕರೆಂಟ್ ಕೊಟ್ಟರೆ ಮ್ಯಾಗ್ನೆಟ್ ಎಳೆದು ಬಿಡುತ್ತದೆ, ಪಟ್ಟಿಗಳು ಬಾಗಿ ವಾಪಸು ಬರುತ್ತವೆ, ಪಾತ್ರೆ ಕಣ್ಣಿಗೆ ಕಾಣದಷ್ಟು ಬೇಗ ಬೇಗ ನಡುಗುತ್ತದೆ. ಆ ನಡುಕಕ್ಕೆ ಸ್ಕ್ರೂಗಳು ತಾವೇ ಮೆಟ್ಟಿಲು ಹತ್ತಿದಂತೆ ಗೋಡೆ ಹತ್ತಿ ಬರುತ್ತವೆ. ಮೊದಲ ಸಲ ನೋಡಿದಾಗ ನನಗೆ ತುಂಬ ಇಷ್ಟವಾಗಿತ್ತು. ಬಹಳ ಹೊತ್ತು ನೋಡುತ್ತ ನಿಂತಿದ್ದೆ. ನನ್ನ ಗ್ರಹಚಾರ, ಮಾವನವರು ಅದನ್ನು ಗಮನಿಸಿದ್ದರು.

ಥ್ರೆಡ್ ಮೆಷಿನ್ ನೋಡಿಕೊಳ್ಳುತ್ತಿದ್ದ ಕೆಲಸದವರು ತಂಗಿಯ ಮದುವೆಗೆಂದು ಊರಿಗೆ ಹೋದವರು ಬರಲೇ ಇಲ್ಲ. ಒಂದು ವಾರದ ಮಟ್ಟಿಗೆ ಕೂತಿರಮ್ಮ ಎಂದರು ಮಾವ. ನಾನು ಮದುವೆಗೆ ಮುಂಚೆ ಬಸವೇಶ್ವರನಗರದ ಶಾಲೆಯೊಂದರಲ್ಲಿ ಒಂದನೇ ಕ್ಲಾಸಿಗೆ ಪಾಠ ಹೇಳುತ್ತಿದ್ದವಳು. ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳಿಗೆ ಸ್ಕ್ರೂ ಸಾಲು ಯಾವ ಮಹಾ ಎಂದುಕೊಂಡು ಹೂಂ ಅಂದೆ. ಆ ಒಂದು ವಾರ ಇನ್ನೂ ಮುಗಿದಿಲ್ಲ.

ಆಗೆಲ್ಲ ಒಂದು ಡಬ್ಬ ಪೂರ್ತಿ ಬೌಲಿಗೆ ಸುರಿದರೆ ಮುಗಿಯಿತು, ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ನಾನು ಮೇಲೆ ಹೋಗಿ ಹುಳಿಗೆ ಬೇಳೆ ಇಟ್ಟು, ತರಕಾರಿ ಹೆಚ್ಚಿ, ಮತ್ತೆ ಇಳಿದು ಬರುವಷ್ಟು ಪುರಸೊತ್ತಿತ್ತು. ಒಂದು ದಿನ ಡಬ್ಬ ಸುರಿದರೆ ಸ್ಕ್ರೂಗಳು ಹತ್ತಲೇ ಇಲ್ಲ. ಪಾತ್ರೆಯ ತಳದಲ್ಲಿ ನಿಂತಲ್ಲೇ ನಡುಗುತ್ತಿದ್ದವು. ನಾಬ್ ತಿರುಗಿಸಿ ಜೋರು ಮಾಡಿದರೆ ಕೆಳಗೆ ಮ್ಯಾಗ್ನೆಟ್ಟೇ ಟಪಟಪ ಹೊಡೆದುಕೊಳ್ಳಲು ಶುರುವಾಯಿತು. ಏನೂ ತೋಚದೆ ಅರ್ಧ ಸ್ಕ್ರೂಗಳನ್ನು ವಾಪಸು ತೆಗೆದೆ. ತಕ್ಷಣ ಉಳಿದವು ಹತ್ತತೊಡಗಿದವು. ಅಷ್ಟೇ ತಾನೆ, ಕಡಿಮೆ ಹಾಕಿದರಾಯಿತು ಎಂದುಕೊಂಡೆ.

ಆ ಕಡಿಮೆ ಅನ್ನುವುದು ಕಡಿಮೆಯಾಗುತ್ತಲೇ ಹೋಯಿತು. ಮೊದಲು ಸೇರಿನಲ್ಲಿ ಅಳೆದು ಹಾಕುತ್ತಿದ್ದೆ. ಮರುವರ್ಷದ ದಸರೆಯ ಹೊತ್ತಿಗೆ ಪಾವಿಗೆ ಇಳಿಯಿತು. ಸಂಕ್ರಾಂತಿ ದಾಟಿದ ಮೇಲೆ ಹಿಡಿಯಲ್ಲಿ. ಹಿಡಿಗಿಂತ ಜಾಸ್ತಿ ಬಿದ್ದರೆ ನಿಂತುಬಿಡುವುದು, ಕಡಿಮೆ ಆದರೆ ಹುಚ್ಚು ಹಿಡಿದಂತೆ ಎಗರಿ ದಾರಿಯಿಂದ ಕೆಳಗೆ ಬೀಳುವುದು. ಸರಿಯಾದ ಕ್ಷಣಕ್ಕೆ ಸರಿಯಾದ ಒಂದು ಹಿಡಿ ಬೀಳಬೇಕು. ಆ ಕ್ಷಣ ಯಾವುದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ಬೌಲಿನ ಗುಂಯ್ ಅನ್ನುವ ಸದ್ದು ತುಸು ತೆಳ್ಳಗಾಗುತ್ತದೆ, ಅದರ ಅಡಿಯಲ್ಲಿ ಇನ್ನೊಂದು ಸಣ್ಣ ಚರಚರ ಕೇಳಿಸುತ್ತದೆ. ಆಗ ಹಾಕಬೇಕು. ಇದನ್ನು ನನ್ನ ಗಂಡನಿಗೆ ಎಷ್ಟೋ ಸಲ ಹೇಳಿಕೊಟ್ಟೆ. ಅವರು ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನ್ ತೆಗೆದು, ಒಂದು ನಿಮಿಷ ಗಂಭೀರವಾಗಿ ಕೇಳಿ, ಎಲ್ಲ ಒಂದೇ ಥರ ಇದೆಯಲ್ಲ ಎಂದು ಮತ್ತೆ ಸಿಕ್ಕಿಸಿಕೊಂಡು ಡೆಲಿವರಿಗೆ ಹೊರಟುಬಿಡುತ್ತಿದ್ದರು.

ಹೀಗೆ ನಾನು ಸ್ಟೂಲಿಗೆ ಅಂಟಿಕೊಂಡೆ. ಸೇರಿನ ಕಾಲದಲ್ಲಿ ಅಡುಗೆಗೆ ಹೋಗಿಬರುತ್ತಿದ್ದೆ, ಪಾವಿನ ಕಾಲದಲ್ಲಿ ಕಾಫಿಗೆ, ಹಿಡಿಯ ಕಾಲದಲ್ಲಿ ಬಚ್ಚಲಿಗೆ ಹೋಗಬೇಕಾದರೂ ಮೆಷಿನ್ ನಿಲ್ಲಿಸಬೇಕಾಗಿತ್ತು. ಮೆಷಿನ್ ನಿಂತರೆ ಮಾವ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ನನಗೂ ಎದುರು ಮಾತಾಡಲು ಬರುತ್ತದೆ. ಏನಮ್ಮ, ಸುಸ್ತಾಯ್ತಾ, ಕಾಫಿ ಮಾಡಿಸ್ಲಾ ಎಂದು ಕೇಳುತ್ತಿದ್ದರು. ನನ್ನ ತವರು ಆರ್‌ಪಿಸಿ ಲೇಔಟಿನಲ್ಲಿ, ನಡೆದರೆ ಕಾಲು ಗಂಟೆ. ಅಲ್ಲಿಗೂ ಹಬ್ಬಕ್ಕೆ ಮಾತ್ರ ಹೋಗುವಂತಾಯಿತು. ದೂರದ ಊರಿಗೆ ಕೊಟ್ಟ ಹೆಣ್ಣುಮಕ್ಕಳೇ ವಾಸಿ, ನೀನು ಅವರಿಗಿಂತ ಕಡೆ ಎಂದು ಅಮ್ಮ ಫೋನಿನಲ್ಲಿ ಗೊಣಗುತ್ತಿದ್ದಳು.

ಮನೆಗೆ ಬಂದವರಿಗೆಲ್ಲ ಮಾವ ನನ್ನನ್ನು ತೋರಿಸುತ್ತಿದ್ದರು. ಬೇರೆ ಯಾರೇ ಕೂತರೂ ಬೌಲ್ ಓಡಲ್ಲ, ನಮ್ಮ ಸೊಸೆ ಕೂತರೆ ಮಾತ್ರ ಓಡುತ್ತೆ, ಅವಳ ಕೈಗುಣ ಎನ್ನುತ್ತಿದ್ದರು. ಬಂದವರು ನನ್ನ ಕೈ ನೋಡುತ್ತಿದ್ದರು. ನಾನೂ ಮೊದಮೊದಲು ಹಿಗ್ಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಆ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಹೊಗಳಿ ಹೊಗಳಿ ಕಾಲು ಕಟ್ಟಿಹಾಕುವುದು ಹೇಗೆಂದು ನಮ್ಮ ಮಾವನವರಿಂದ ಕಲಿಯಬೇಕು.

ಬೌಲು ಕೆಟ್ಟಿದೆ ಎಂದು ಅವರಿಗೂ ಗೊತ್ತಿತ್ತು. ಏನು ಕೆಟ್ಟಿದೆ ಎಂದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ರಾಜಾಜಿನಗರದಿಂದ ಒಬ್ಬರು ಮೆಕ್ಯಾನಿಕ್ ಬಂದು, ಕರೆಂಟ್ ತೆಗೆಸಿ, ಟಾರ್ಚ್ ಬಿಟ್ಟು, ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ, ಪಟ್ಟಿಗಳನ್ನು ಸ್ಪ್ಯಾನರಿನಿಂದ ಕುಟ್ಟಿ ನೋಡಿದರು. ಎಲ್ಲ ಗಟ್ಟಿಯಾಗಿದೆ ಎಂದರು. ಇನ್ನೊಬ್ಬರು ಬಂದು ಮ್ಯಾಗ್ನೆಟ್ಟಿನ ಕಾಯಿಲ್ ಹೊಸದಾಗಿ ಸುತ್ತಿಸಿದರು. ವೋಲ್ಟೇಜ್ ಸರಿ ಬರ್ತಿಲ್ಲ ಎಂದು ಮಾವ ಸ್ಟೆಬಿಲೈಸರ್ ತಂದಿಟ್ಟರು. ದೃಷ್ಟಿಯಾಗಿದೆ ಎಂದು ಅತ್ತೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಅದು ಬೌಲಿನ ನಡುಕಕ್ಕೆ ದಿನಾ ಸ್ವಲ್ಪ ಸ್ವಲ್ಪ ಜಾರಿ ಒಂದು ದಿನ ಸ್ಕ್ರೂಗಳ ಮಧ್ಯೆ ಬಿದ್ದು ಅವುಗಳ ಜೊತೆ ತಾನೂ ಗೋಡೆ ಹತ್ತಲು ನೋಡಿತು.

ಹೀಗಿರುವಾಗ ಬೇಸಿಗೆಯ ಶುರುವಿನಲ್ಲಿ ನನ್ನ ಹಳೆಯ ಶಾಲೆಯ ಹೆಡ್ ಮಿಸ್ ಫೋನ್ ಮಾಡಿದರು. ಅವರು ಈಗ ಅನ್ನಪೂರ್ಣೇಶ್ವರಿ ನಗರದಲ್ಲಿ ತಮ್ಮದೇ ಒಂದು ಸಣ್ಣ ಶಾಲೆ ನಡೆಸುತ್ತಿದ್ದಾರೆ. ಒಂದನೇ ಕ್ಲಾಸಿಗೆ ಒಬ್ಬರು ಬೇಕು, ನೀವೇ ಬೇಕು ಎಂದರು. ರಜೆ ಮುಗಿದು ಶಾಲೆ ತೆರೆಯುವ ದಿನ ಬೆಳಿಗ್ಗೆ ಬಂದರೆ ಸಾಕು. ಇನ್ನೊಬ್ಬರು ಕೂಡ ಕೇಳಿಕೊಂಡು ಕಾಯುತ್ತಿದ್ದಾರೆ, ಮೊದಲ ದಿನ ನೀವು ಬರದಿದ್ದರೆ ಅವರನ್ನೇ ಕರೆಯಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬಾರದು ಎಂದೂ ಹೇಳಿದರು. ನಾನು ಆ ಫೋನನ್ನು ಸ್ಟೂಲಿನ ಮೇಲೆ ಕೂತೇ ಮಾತಾಡಿದ್ದೆ, ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಒಂದು ಹಿಡಿ ಸ್ಕ್ರೂ. ಫೋನ್ ಇಟ್ಟ ಮೇಲೆ ಕಣ್ಣಲ್ಲಿ ನೀರು ಬಂತು. ಒಂದನೇ ಕ್ಲಾಸಿನ ಕೋಣೆಯ ಸೀಮೆಸುಣ್ಣದ ವಾಸನೆ, ಊಟದ ಡಬ್ಬಿಗಳ ವಾಸನೆ ಎಲ್ಲ ಒಟ್ಟಿಗೆ ಮೂಗಿಗೆ ಬಡಿದಂತಾಯಿತು. ಅಷ್ಟರಲ್ಲಿ ಬೌಲಿನ ಸದ್ದು ತೆಳ್ಳಗಾಯಿತು, ಹಿಡಿ ಹಾಕಿದೆ.

ಗಂಡನಿಗೆ ಹೇಳಿದೆ. ಒಳ್ಳೇದಾಯ್ತಲ್ಲ ಎಂದರು, ನಿಜವಾಗಿ ಖುಷಿಪಟ್ಟರು. ಆಮೇಲೆ ಅಪ್ಪನ್ನ ಒಂದು ಮಾತು ಕೇಳಿಬಿಡು, ಅಪ್ಪ ನಿನ್ನ ಮಾತು ಕೇಳುತ್ತಾರೆ ಎಂದು ಜಾರಿಕೊಂಡರು. ಮಾವನನ್ನು ಕೇಳಿದೆ. ಅವರು ಬೇಡ ಅನ್ನಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

"ಬೌಲ್ ಒಂದ್ ಸರಿಹೋಗ್ಲಿ ಕಣಮ್ಮ. ಆಮೇಲೆ ಯಾರ್ ಬೇಡ ಅಂತಾರೆ, ಹೋಗುವಂತೆ."

ಇದು ಹೂಂ ಎಂದೋ ಊಹೂಂ ಎಂದೋ ನನಗೆ ತಿಳಿಯಲಿಲ್ಲ. ಎರಡು ವರ್ಷದಿಂದ ಸರಿಹೋಗದ್ದು ಶಾಲೆ ತೆರೆಯುವುದರೊಳಗೆ ಹೇಗೆ ಸರಿಹೋಗುತ್ತದೆ? ಆದರೆ ಷರತ್ತು ಎಂದರೆ ಷರತ್ತು. ಅವತ್ತಿನಿಂದ ನಾನು ಆ ಯಂತ್ರವನ್ನು ಪೊಲೀಸರು ಕಳ್ಳನನ್ನು ನೋಡುವಂತೆ ನೋಡತೊಡಗಿದೆ.

ಇಲ್ಲಿ ನಮ್ಮ ಮನೆಯ ಎರಡು ಪದ್ಧತಿಗಳನ್ನು ಹೇಳಬೇಕು. ಒಂದು ಆಯುಧಪೂಜೆಯದು. ಹಬ್ಬದ ಹಿಂದಿನ ದಿನ ಮಾವ ತಾವೇ ಕೂತು ಎಲ್ಲ ಯಂತ್ರಗಳಿಗೂ ಹೊಸ ಪೇಂಟ್ ಹೊಡೆಯುತ್ತಾರೆ. ಗೋಡೆಗೆ ಸುಣ್ಣ ಹೊಡೆದಂತೆ ಎಲ್ಲಿ ಬ್ರಷ್ ಹೋಗುತ್ತದೋ ಅಲ್ಲೆಲ್ಲ. ಪಟ್ಟಿಗಳಿಗೂ ಪೇಂಟು, ಬೋಲ್ಟುಗಳಿಗೂ ಪೇಂಟು. ಮಕ್ಕಳಿಗೆ ಹೊಸ ಬಟ್ಟೆ ಹಾಕಿದ ಹಾಗೆ ಅವರಿಗೆ ಅದರಲ್ಲಿ ಸಂತೋಷ. ಇನ್ನೊಂದು ಅತ್ತೆಯದು. ದಿನಾ ಬೆಳಿಗ್ಗೆ ದೇವರ ಪೂಜೆ ಮುಗಿಸಿ, ಕೆಳಗಿಳಿದು ಬಂದು, ಎಲ್ಲ ಯಂತ್ರಗಳಿಗೂ ಕುಂಕುಮ ಇಟ್ಟು ಊದುಬತ್ತಿ ಬೆಳಗಿ ಹೋಗುತ್ತಾರೆ. ಬೌಲು ಶುರುವಾದರೆ ಆ ಕುಂಕುಮ ಉದುರಿ ಕೆಳಗೆ ಬೀಳುತ್ತದೆ. ಸಂಜೆ ಕಸ ಗುಡಿಸುವಾಗ ಬೌಲಿನ ಬುಡದಲ್ಲಿ ಕೆಂಪು ಪುಡಿ ಇರುವುದು, ಅದನ್ನು ಕಾಲಿಗೆ ಸಿಗದ ಹಾಗೆ ಕಾಗದದಲ್ಲಿ ಎತ್ತಿ ತುಳಸಿ ಕುಂಡಕ್ಕೆ ಹಾಕುವುದು ನನ್ನ ನಿತ್ಯದ ಕೆಲಸವಾಗಿತ್ತು. ಕುಂಕುಮ ತುಳಿಯಬಾರದು. ಅಷ್ಟು ಭಕ್ತಿಯಿಂದ ಎತ್ತುತ್ತಿದ್ದೆನೇ ಹೊರತು ಒಂದು ದಿನವೂ ಅದನ್ನು ಸರಿಯಾಗಿ ನೋಡಿರಲಿಲ್ಲ.

ಏಪ್ರಿಲ್ ಕೊನೆಗೆ ಮಾವನವರ ದೊಡ್ಡಪ್ಪನ ಮಗ ಕೆಂಗೇರಿಯಲ್ಲಿ ತೀರಿಕೊಂಡರು. ನಮಗೆ ಸೂತಕ. ದೇವರ ಕೋಣೆಯ ಬಾಗಿಲು ಹಾಕಿದರು, ದೀಪವಿಲ್ಲ, ಪೂಜೆಯಿಲ್ಲ. ಶೆಡ್ಡು ಮಾತ್ರ ತೆರೆದೇ ಇತ್ತು, ಸ್ಕ್ರೂ ಕೊಡುತ್ತೇವೆಂದು ಮಾವ ಒಪ್ಪಿಕೊಂಡಿದ್ದರಲ್ಲ. ದೇವರಿಗೆ ರಜೆ, ನನಗಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು ಕೂತೆ. ಅತ್ತೆ ಕೆಳಗೆ ಬರುವುದನ್ನು ನಿಲ್ಲಿಸಿದರು. ಒಂದೆರಡು ದಿನ ಕಳೆದಿರಬೇಕು. ಸಂಜೆ ಪೊರಕೆ ಹಿಡಿದು ಬೌಲಿನ ಬುಡಕ್ಕೆ ಬಗ್ಗಿದೆ. ಅಲ್ಲಿ ಕೆಂಪು ಪುಡಿ ಇತ್ತು.

ಹಳೆಯದು ಉಳಿದಿರಬೇಕು ಎಂದು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಮರುದಿನ ಸಂಜೆ ಮತ್ತೆ ಇತ್ತು. ಅದನ್ನು ಎತ್ತಿಕೊಳ್ಳುತ್ತಿರುವಾಗಲೇ ಏನೋ ಬೇಕಾಗಿ ಕೆಳಗೆ ಬಂದ ಅತ್ತೆ ನೋಡಿಬಿಟ್ಟರು.

"ಸೂತಕದಲ್ಲಿ ಕುಂಕುಮ ಇಟ್ಟಿದೀಯಲ್ಲೇ. ನಿಮ್ಮಮ್ಮ ಇದನ್ನೂ ಹೇಳ್ಕೊಟ್ಟಿಲ್ವಾ?"

ನಾನಿಟ್ಟಿಲ್ಲ ಅತ್ತೆ ಎಂದರೆ ನಂಬಲಿಲ್ಲ. ಶಾಲೆಗೆ ಹೋಗಬೇಕೆಂದು ಗುಟ್ಟಾಗಿ ಹರಕೆ ಹೊತ್ತು ಮೆಷಿನ್ನಿಗೆ ಪೂಜೆ ಮಾಡುತ್ತಿದ್ದಾಳೆ ಎಂದು ಅವರೇ ಊಹಿಸಿಕೊಂಡು ಮೇಲೆ ಹೋಗಿ ಮಾವನ ಹತ್ತಿರ ದೂರು ಕೊಟ್ಟರು. ನನಗೆ ಕೆಟ್ಟ ಕೋಪ ಬಂತು. ಮೆಷಿನ್ನಿಗೆ ಪೂಜೆ ಮಾಡುವಷ್ಟು ಪ್ರೀತಿ ನನಗೆ ಉಳಿದಿರಲೇ ಇಲ್ಲ. ಅದೇ ಕೋಪದಲ್ಲಿ ಆ ಪುಡಿಯನ್ನು ಅಂಗೈಗೆ ಹಾಕಿಕೊಂಡು ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ತಿಕ್ಕಿದೆ. ಕುಂಕುಮವಾದರೆ ಚರ್ಮಕ್ಕೆ ಕೆಂಪು ಹಿಡಿಯುತ್ತದೆ. ಇದು ಇಟ್ಟಿಗೆ ಪುಡಿಯ ಹಾಗೆ ಕಂದಾಗಿ, ಮರಳುಮರಳಾಗಿ ಬೆರಳಿಗೆ ಸಿಕ್ಕಿತು. ಮೂಸಿ ನೋಡಿದೆ, ಕಬ್ಬಿಣದ ವಾಸನೆ.

ಮರುದಿನ ಬೆಳಿಗ್ಗೆ ಮೆಷಿನ್ ಶುರು ಮಾಡುವ ಮುಂಚೆ ಅಡುಗೆಮನೆಯಿಂದ ಸಣ್ಣ ಸ್ಟೀಲ್ ತಟ್ಟೆಗಳನ್ನು ತಂದು ನಾಲ್ಕು ಪಟ್ಟಿ ಕಟ್ಟುಗಳ ಕೆಳಗೂ ಒಂದೊಂದು ಇಟ್ಟೆ. ಏನಿದು ಹುಡುಗಾಟ ಎಂದು ಗಂಡ ನಕ್ಕರು. ಸಂಜೆ ನೋಡಿದರೆ ಮೂರು ತಟ್ಟೆಗಳು ಖಾಲಿ. ಗೋಡೆಯ ಕಡೆಯ ಕಟ್ಟಿನ ಕೆಳಗಿನ ತಟ್ಟೆಯಲ್ಲಿ ಮಾತ್ರ ಚಿಟಿಕೆಯಷ್ಟು ಕೆಂಪು ಪುಡಿ. ಆ ತಟ್ಟೆಯನ್ನು ಹಾಗೇ ಎತ್ತಿಕೊಂಡು ಮೇಲೆ ಹೋಗಿ ಮಾವನ ಮುಂದಿಟ್ಟೆ. ಅವರು ಬೆರಳಲ್ಲಿ ಮುಟ್ಟಿ, ಹೆಬ್ಬೆರಳಿಗೆ ತಿಕ್ಕಿ ನೋಡಿದರು. ಇದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಬಿದ್ದ ತುಕ್ಕು ಎಂದು ನಾನು ಹೇಳಬೇಕಾಗಿರಲಿಲ್ಲ, ಅವರ ಮುಖದಲ್ಲೇ ಗೊತ್ತಾಯಿತು. ಅತ್ತೆ ಒಳಗಿನಿಂದ ನೋಡುತ್ತಿದ್ದರು. ಅವರು ಸೊಸೆಯ ಹತ್ತಿರ ತಪ್ಪಾಯಿತು ಅನ್ನುವವರಲ್ಲ. ಆ ರಾತ್ರಿ ನನ್ನ ತಟ್ಟೆಗೆ ಎರಡನೇ ಸಲ ತುಪ್ಪ ಬಡಿಸಿದರು.

ಆದರೂ ಬಿಚ್ಚಲು ಮಾವ ಒಪ್ಪಲಿಲ್ಲ. ಆ ಪಟ್ಟಿಗಳನ್ನು ಬೌಲು ಮಾಡಿದವರೇ ಒಂದು ಹಾಕಿ ಒಂದು ತೆಗೆದು ಶ್ರುತಿ ಕೂರಿಸಿದ್ದರಂತೆ. ಒಮ್ಮೆ ಬಿಚ್ಚಿದರೆ ಮತ್ತೆ ಹಾಗೆ ಕೂರುವುದಿಲ್ಲ, ಈಗ ಹಿಡಿಯಲ್ಲಾದರೂ ಓಡುತ್ತಿದೆ, ಆಮೇಲೆ ಅದೂ ಹೋಗುತ್ತದೆ ಎಂದು ಅವರ ಹೆದರಿಕೆ. ನಾನು ಬಿಡಲಿಲ್ಲ. ಊಟಕ್ಕೆ ಕೂತಾಗ ಅದೇ ಮಾತು, ಕಾಫಿ ಕೊಡುವಾಗ ಅದೇ ಮಾತು. ದಿನಾ ಸಂಜೆ ಆ ತಟ್ಟೆಯನ್ನು ಅವರ ಕುರ್ಚಿಯ ಪಕ್ಕ ಇಟ್ಟು ಬರುತ್ತಿದ್ದೆ. ಪುಡಿ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು, ನನ್ನ ಹಿಡಿ ಚಿಕ್ಕದಾಗುತ್ತಿತ್ತು. ಕೊನೆಗೊಂದು ಭಾನುವಾರ ಅವರೇ ಸ್ಪ್ಯಾನರ್ ತಂದು ಮಗನ ಕೈಗೆ ಕೊಟ್ಟರು.

ಗೋಡೆಯ ಕಡೆಯ ಕಟ್ಟನ್ನು ಬಿಚ್ಚಿ, ಪಟ್ಟಿಗಳನ್ನು ಹೊರಗೆ ತೆಗೆದು, ಮೇಲಿನ ಪೇಂಟನ್ನು ನಾನೇ ಕೆರೆದೆ. ಮೊದಲು ಹಸಿರು, ಅದರ ಕೆಳಗೆ ನೀಲಿ, ಮತ್ತೆ ಹಸಿರು, ಆಮೇಲೆ ಬೂದು. ಒಂದೊಂದು ಆಯುಧಪೂಜೆ ಸಿಪ್ಪೆಸಿಪ್ಪೆಯಾಗಿ ಎದ್ದು ಬಂತು. ಉಕ್ಕು ಕಂಡ ಮೇಲೂ ಏನೂ ಕಾಣಿಸಲಿಲ್ಲ. ಪಟ್ಟಿ ನೆಟ್ಟಗೆ, ನುಣ್ಣಗೆ, ಹೊಸದರಂತಿತ್ತು. ಆಗ ಗಂಡ ಅದರ ಎರಡೂ ತುದಿ ಹಿಡಿದು ತುಸು ಬಗ್ಗಿಸಿದರು. ಬೋಲ್ಟಿನ ತೂತಿನ ಪಕ್ಕದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆಯೊಂದು ಬಾಯಿ ತೆರೆಯಿತು. ಬಿಟ್ಟರೆ ಮುಚ್ಚಿಕೊಂಡಿತು. ಮತ್ತೆ ಬಗ್ಗಿಸಿದರೆ ತೆರೆಯಿತು. ಅದರ ಪಕ್ಕದ ಪಟ್ಟಿಯಲ್ಲೂ ಅಂಥದೇ ಇನ್ನೊಂದು.

ಯಂತ್ರ ನಿಲ್ಲಿಸಿ ಟಾರ್ಚ್ ಬಿಟ್ಟವರಿಗೆ ಯಾಕೆ ಕಾಣಲಿಲ್ಲ ಎಂದು ಆಗ ಗೊತ್ತಾಯಿತು. ನಿಂತಿರುವಾಗ ಅದು ಬಿರುಕೇ ಅಲ್ಲ. ಕೆಲಸ ಮಾಡುವಾಗ ಮಾತ್ರ ತೆರೆಯುತ್ತಿತ್ತು, ತೆರೆದು ಮುಚ್ಚಿ ತೆರೆದು ಮುಚ್ಚಿ ಆ ಚರಚರ ಸದ್ದು ಮಾಡುತ್ತಿತ್ತು, ಉಜ್ಜಿ ಉಜ್ಜಿ ಕೆಂಪು ಪುಡಿ ಉದುರಿಸುತ್ತಿತ್ತು. ಬಿರುಕು ಬಿಟ್ಟ ಪಟ್ಟಿ ಮೆತ್ತಗಾಗುತ್ತದೆ, ಮೆತ್ತಗಾದದ್ದು ನಿಧಾನವಾಗಿ ಅಲುಗುತ್ತದೆ. ಮ್ಯಾಗ್ನೆಟ್ಟು ಮಾತ್ರ ಹಳೆಯ ವೇಗದಲ್ಲೇ ಎಳೆಯುತ್ತಿರುತ್ತದೆ, ಎರಡಕ್ಕೂ ತಾಳ ಕೂಡುವುದಿಲ್ಲ. ಪಾತ್ರೆಯ ಭಾರ ಇಳಿಸಿದರೆ ಪಟ್ಟಿ ಮತ್ತೆ ಸ್ವಲ್ಪ ಚುರುಕಾಗಿ ತಾಳಕ್ಕೆ ಬರುತ್ತದೆ. ನನ್ನ ಹಿಡಿಯ ರಹಸ್ಯ ಇಷ್ಟೇ ಆಗಿತ್ತು. ಇದರಲ್ಲಿ ಕೈಗುಣ ಎಲ್ಲಿ ಬಂತು? ಎರಡು ವರ್ಷ ಒಂದು ಮುರುಕು ಪಟ್ಟಿಗೆ ನಾನು ಊರುಗೋಲಾಗಿದ್ದೆ. ಅದನ್ನು ನೋಡುತ್ತ ನನಗೆ ಅಳು ಬಂತು, ಸಿಟ್ಟೂ ಬಂತು, ಗಂಡ ಹತ್ತಿರವಿದ್ದರೆಂದು ನಕ್ಕೆ.

ಹೊಸ ಪಟ್ಟಿಗಳನ್ನು ಮಾಡಿಸಿ ನಾಲ್ಕೂ ಕಡೆ ಹಾಕಿಸಿದೆವು. ಹಾಕುವವರು ಒಂದು ಸೇರಿಸಿ ಒಂದು ತೆಗೆದು ಮಧ್ಯಾಹ್ನದ ತನಕ ಹೊಂದಿಸಿದರು. ಪೇಂಟ್ ಮುಟ್ಟಿಸಬೇಡಿ ಎಂದು ಮಾವನಿಗೆ ಎರಡೆರಡು ಸಲ ಹೇಳಿದರು. ಆಮೇಲೆ ಗಂಡ ಒಂದು ಡಬ್ಬ ಪೂರ್ತಿ ಸುರಿದು ಸ್ವಿಚ್ ಹಾಕಿದರು. ಸ್ಕ್ರೂಗಳು ಅಷ್ಟೂ ಒಟ್ಟಿಗೆ ಎದ್ದು ಸಾಲು ಹಿಡಿದು ಹತ್ತಿದವು. ಸದ್ದು ಪೂರ್ತಿ ಬೇರೆಯಾಗಿತ್ತು, ಒಂದೇ ಎಳೆಯ ಗುಂಯ್, ಅಡಿಯಲ್ಲಿ ಯಾವ ಚರಚರವೂ ಇಲ್ಲ. ಇಷ್ಟು ದಿನ ಕೇಳಿಯೂ ಕೇಳದಂತಿದ್ದ ನನ್ನ ಗಂಡ ಕೂಡ, ಅರೆ, ಸದ್ದೇ ಬದಲಾಗಿದೆಯಲ್ಲ ಎಂದರು. ಮೇಲಿನಿಂದ ಅತ್ತೆಯೂ ಬಂದು ಅದನ್ನೇ ಹೇಳಿದರು. ಮಾವ ತಲೆಯಾಡಿಸುತ್ತ ನಿಂತಿದ್ದರು.

ನಾನು ಹೆಡ್ ಮಿಸ್‌ಗೆ ಫೋನ್ ಮಾಡಿ ಬರುತ್ತೇನೆ ಎಂದೆ. ಆ ವಾರವೆಲ್ಲ ಸ್ಟೂಲಿನ ಕಡೆ ತಲೆಯಿಟ್ಟೂ ಮಲಗಲಿಲ್ಲ. ಕೆಳಗೆ ಯಾರು ಬೇಕಾದರೂ ಡಬ್ಬ ಸುರಿಯುತ್ತಿದ್ದರು, ಬೌಲು ತನ್ನ ಪಾಡಿಗೆ ಓಡುತ್ತಿತ್ತು. ತವರಿಗೆ ಹೋಗಿ ಒಂದು ಇಡೀ ಮಧ್ಯಾಹ್ನ ನಿದ್ದೆ ಮಾಡಿದೆ. ಪಾಠದ ಚಿತ್ರಗಳನ್ನು ಕತ್ತರಿಸಿ ಅಂಟಿಸಿಟ್ಟುಕೊಂಡೆ. ಮಾವ ನನ್ನನ್ನು ತಡೆಯುವ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಹೋಗ್ತೀಯಾ, ಆಟೋದಲ್ಲಾ ಎಂದು ಕೇಳಿದರು, ಅಷ್ಟೇ.

ಶಾಲೆ ತೆರೆಯುವ ದಿನ ಬೆಳಿಗ್ಗೆ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ಗಂಡ ಆಗಲೇ ಮಾಲು ಕೊಡಲು ಹೋಗಿದ್ದರು. ಶೆಡ್ಡಿನ ಬಾಗಿಲು ತೆರೆದಿತ್ತು, ಬೌಲು ಓಡುತ್ತಿತ್ತು. ಮಾವ ಅದರ ಪಕ್ಕ ಒಬ್ಬರೇ ನಿಂತು ಅಂಗೈಯನ್ನು ಪಾತ್ರೆಯ ಅಂಚಿಗೆ ಒತ್ತಿಟ್ಟಿದ್ದರು. ನನ್ನನ್ನು ನೋಡಿ ಕೈ ತೆಗೆದರು. ಹೋಗಿ ಬರ್ತೀನಿ ಎಂದೆ.

"ಸ್ವಲ್ಪ ಹೊತ್ತು ಕೂತ್ಕೋಮ್ಮ," ಎಂದರು. "ಈ ಹೊಸ ಸದ್ದು ಒಂದ್ಸಲ ಕಿವಿಗೆ ಹಾಕ್ಕೊಂಬಿಡು. ತುಂಬಿರೋವಾಗ ಹೆಂಗಿರುತ್ತೆ, ಖಾಲಿಯಾಗೋವಾಗ ಹೆಂಗಿರುತ್ತೆ ಅಂತ."

"ಮಾವ, ಇವತ್ತು ಸ್ಕೂಲು."

"ಗೊತ್ತು ಕಣಮ್ಮ."

ನನಗೆ ರೇಗಿತು. ಸರಿಹೋದ ಮೇಲೂ ಬಿಡುವುದಿಲ್ಲವಲ್ಲ ಎಂದು ಬಾಯಿಯ ತನಕ ಬಂತು. ಇವತ್ತು ಆಡಿಬಿಡುತ್ತೇನೆ, ಎರಡು ವರ್ಷದ್ದನ್ನೂ ಆಡಿಬಿಡುತ್ತೇನೆ ಎಂದುಕೊಂಡೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಬೌಲಿನ ಕಡೆ ನೋಡುತ್ತಿದ್ದರು.

"ಎಲ್ರೂ ಸದ್ದು ಬದ್ಲಾಯ್ತು ಬದ್ಲಾಯ್ತು ಅಂತೀರ. ನಂಗೆ ಹಳೇದೂ ಹೊಸದೂ ಒಂದೇ ಥರ ಕೇಳುತ್ತೆ. ಹಿಂಗಾಗಿ ಎಷ್ಟ್ ವರ್ಷ ಆಯ್ತೋ. ಯಾರಿಗೂ ಹೇಳಿಲ್ಲ. ಇನ್ನೊಂದ್ಸಲ ಇದು ಒಳಗೊಳಗೇ ಹೋಗೋಕೆ ಶುರುವಾದ್ರೆ ನಂಗೆ ಗೊತ್ತಾಗಲ್ಲ ಕಣಮ್ಮ."

ಜೀವಮಾನವೆಲ್ಲ ಈ ಶೆಡ್ಡಿನಲ್ಲಿ ನಿಂತ ಕಿವಿಗಳು ಅವು. ಈ ಯಂತ್ರಗಳೇ ಅವನ್ನು ತಿಂದುಹಾಕಿದ್ದವು. ಎರಡು ವರ್ಷ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ್ದು ನನ್ನ ಕೈಯನ್ನು ನಂಬಿ ಅಲ್ಲ, ಅವರ ಕಿವಿಯನ್ನು ನಂಬಲಾಗದೆ. ಅದನ್ನು ಕೈಗುಣ ಎಂದು ಹೊಗಳಿ ಮುಚ್ಚಿಟ್ಟುಕೊಂಡಿದ್ದರು. ಹಟ ಮಾಡಿದ್ದರೆ ನಾನೂ ಹಟ ಮಾಡುತ್ತಿದ್ದೆ. ಅಧಿಕಾರ ತೋರಿಸಿದ್ದರೆ ಬಾಗಿಲು ದಾಟಿ ಹೋಗಿಬಿಡುತ್ತಿದ್ದೆ. ಇದನ್ನು ಕೇಳಿ ಮಾತ್ರ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು, ಯಾಕೆಂದರೆ ಇನ್ನು ಏನಾಗುತ್ತದೆಂದು ನನಗೆ ಗೊತ್ತಿತ್ತು. ತುಂಬಿದ ಬೌಲು ಖಾಲಿಯಾಗಲು ಎಷ್ಟು ಹೊತ್ತು ಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ.

ಬ್ಯಾಗನ್ನು ಮೊಳೆಗೆ ಸಿಕ್ಕಿಸಿ ಕೂತೆ. ಸೆರಗು ಗ್ರೀಸಿಗೆ ತಾಗದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಾವ ಒಂದು ಡಬ್ಬ ಸುರಿದು, ನನ್ನ ಮುಖ ನೋಡಲಾಗದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಸ್ಕ್ರೂಗಳು ಹತ್ತಿದವು. ಶಾಲೆಯ ಗಂಟೆಯ ಹೊತ್ತಾಯಿತು. ಬ್ಯಾಗಿನೊಳಗೆ ಫೋನ್ ಒಂದು ಸಲ ಪೂರ್ತಿ ರಿಂಗಾಗಿ ನಿಂತಿತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ರಿಂಗಾಯಿತು. ಮಧ್ಯಾಹ್ನ ನಾನೇ ವಾಪಸು ಮಾಡಿದಾಗ ಹೆಡ್ ಮಿಸ್ ಬೇಜಾರಾಗಿಯೇ ಮಾತಾಡಿದರು, ಇನ್ನೊಬ್ಬರು ಬಂದು ಕ್ಲಾಸು ತೆಗೆದುಕೊಂಡಾಗಿತ್ತು. ಮೆಷಿನ್ ಸದ್ದಿನಲ್ಲಿ ಫೋನ್ ಕೇಳಿಸಲಿಲ್ಲ ಮಿಸ್ ಎಂದೆ. ಎರಡು ಸಲವೂ ಕೇಳಿಸಿತ್ತು.